ಕೆನ್ನೆಯ ಹಿಂದಿನ ಕೋಣೆ

(ಮಲೆನಾಡಿನ ಪಟ್ಟಣವೊಂದರ ಗ್ರಂಥಾಲಯದಲ್ಲಿ ನಿವೃತ್ತ ಅಂಗರಚನಾಶಾಸ್ತ್ರ ಅಧ್ಯಾಪಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಮಾತನಾಡಲು ಬಂದವನಿಗೆ ಮೊದಲು ತಾಂಬೂಲ ಕೊಡುವುದು ನಮ್ಮ ಕಡೆಯ ಮರ್ಯಾದೆ. ಈಗಷ್ಟೆ ನನ್ನ ಮುಂದೆಯೂ ತಟ್ಟೆ ಬಂತು. ಎರಡು ಎಲೆ, ನಾಲ್ಕು ಹೋಳು ಅಡಿಕೆ, ಸುಣ್ಣದ ಡಬ್ಬಿ. ತಟ್ಟೆ ಮುಟ್ಟಿ ನಮಸ್ಕರಿಸಿ ಪಕ್ಕಕ್ಕಿಟ್ಟೆ. ಯಾರೂ ತಪ್ಪು ತಿಳಿಯಬಾರದು. ನಾನೂ ಅಡಿಕೆ ತೋಟದ ಮನೆಯಲ್ಲೇ ಹುಟ್ಟಿದವನು. ಅಡಿಕೆ ಮಾರಿದ ದುಡ್ಡಿನಲ್ಲೇ ವೈದ್ಯಕೀಯ ಓದಿದವನು. ತಟ್ಟೆಯನ್ನು ಪಕ್ಕಕ್ಕಿಟ್ಟ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಅದನ್ನು ಹೇಳಬೇಕಾದರೆ ಮೊದಲು ನಿಮ್ಮನ್ನು ಒಂದು ಸಣ್ಣ ಕೋಣೆಯೊಳಗೆ ಕರೆದುಕೊಂಡು ಹೋಗಬೇಕು. ಆ ಕೋಣೆ ನಿಮ್ಮೆಲ್ಲರ ಕೆನ್ನೆಯ ಹಿಂದೆಯೇ ಇದೆ.

ಇಂದಿನ ವಿಷಯ ದವಡೆ. ಸಂಸ್ಕೃತದಲ್ಲಿ ದವಡೆಗೆ ‘ಹನು’ ಎಂದು ಹೆಸರು. ಬಾಲಕ ಆಂಜನೇಯ ಉದಯಸೂರ್ಯನನ್ನು ಹಣ್ಣೆಂದು ತಿಳಿದು ಹಾರಿದ, ಇಂದ್ರ ವಜ್ರಾಯುಧದಿಂದ ಹೊಡೆದ, ಎಡದವಡೆ ಮುರಿಯಿತು, ಆದ್ದರಿಂದ ಹನುಮಂತನೆಂಬ ಹೆಸರು ಬಂತು ಎಂದು ವಾಲ್ಮೀಕಿ ರಾಮಾಯಣ ಹೇಳುತ್ತದೆ. ಆನೆಗುಂದಿಯ ಅಂಜನಾದ್ರಿಯೇ ಆತನ ಜನ್ಮಸ್ಥಳವೆಂದು ನಂಬುವ ನಾಡು ನಮ್ಮದು. ಊರಿಗೊಂದು ಹನುಮನ ಗುಡಿ ಕಟ್ಟಿರುವ ನಮಗೆ ಆ ಹೆಸರಿನೊಳಗೆ ಏಟು ತಿಂದ ದವಡೆಯೊಂದು ಇದೆಯೆಂಬುದು ಮಾತ್ರ ನೆನಪಿಗೆ ಬರುವುದಿಲ್ಲ.

ಮುಖದ ಹೊರಭಾಗಕ್ಕೆ ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ಕೆನ್ನೆ, ಗಲ್ಲ, ಕಪಾಳ, ಕಣತಲೆ, ಗದ್ದ, ಅವುಡು, ದವಡೆ. ಮುದ್ದಿಸಲು ಗಲ್ಲ, ಬಾರಿಸಲು ಕಪಾಳ. ದುಃಖ ನುಂಗುವವನು ಅವುಡುಗಚ್ಚುತ್ತಾನೆ, ಸಿಟ್ಟು ಬಂದವನು ಹಲ್ಲು ಕಡಿಯುತ್ತಾನೆ, ಬದುಕಿ ಬಂದವನು ಸಾವಿನ ದವಡೆಯಿಂದ ಪಾರಾದೆನೆನ್ನುತ್ತಾನೆ. ಆದರೆ ಈ ಎಲ್ಲವನ್ನೂ ನಡೆಸುವ ಒಳಭಾಗಕ್ಕೆ ನಮ್ಮ ಆಡುಮಾತಿನಲ್ಲಿ ಹೆಸರೇ ಇಲ್ಲ. ವೈದ್ಯರು ಅದನ್ನು ‘ಇನ್‌ಫ್ರಾಟೆಂಪೊರಲ್ ಫಾಸಾ’ ಎನ್ನುತ್ತಾರೆ. ಕಣತಲೆಯ ಕೆಳಗಿನ ಹಳ್ಳ ಎಂದು ಅರ್ಥ. ನಾನು ಅದನ್ನು ಕೋಣೆ ಎಂದೇ ಕರೆಯುತ್ತೇನೆ.

ನಿಮ್ಮ ಕೈ, ನಿಮ್ಮ ಮುಖ

ಈಗ ಸಂಕೋಚ ಬಿಟ್ಟು ಎಲ್ಲರೂ ಎರಡೂ ಕೈಯ ಬೆರಳುಗಳನ್ನು ಕಣತಲೆಯ ಮೇಲಿಡಿ. ಹಲ್ಲು ಕಚ್ಚಿ, ಬಿಡಿ. ಬೆರಳ ಕೆಳಗೆ ಏನೋ ಉಬ್ಬಿ ಇಳಿಯಿತಲ್ಲವೆ? ಅದು ಟೆಂಪೊರಾಲಿಸ್ ಸ್ನಾಯು. ಬೀಸಣಿಗೆಯಂತೆ ತಲೆಯ ಪಕ್ಕದಲ್ಲಿ ಹರಡಿಕೊಂಡು, ಕೆನ್ನೆಯ ಮೂಳೆಯ ಸೇತುವೆಯ ಕೆಳಗೆ ನುಸುಳಿ, ಕೆಳದವಡೆಯ ಮುಂದಿನ ಮೊನೆಗೆ ಅಂಟಿಕೊಳ್ಳುತ್ತದೆ. ಇನ್ನು ಬೆರಳುಗಳನ್ನು ಕಿವಿಯ ಕೆಳಗೆ, ದವಡೆ ತಿರುವು ತೆಗೆದುಕೊಳ್ಳುವ ಜಾಗಕ್ಕೆ ತನ್ನಿ. ಮತ್ತೆ ಕಚ್ಚಿ. ಇಲ್ಲಿ ಗಟ್ಟಿಯಾಗಿ ಉಬ್ಬುವುದು ಮ್ಯಾಸೆಟರ್. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಅಗಿಯುವವನು ಎಂದೇ ಅರ್ಥ. ಸಿನಿಮಾದ ನಾಯಕ ಕೋಪದಲ್ಲಿ ಮಾತಿಲ್ಲದೆ ನಿಂತಾಗ ಕೆನ್ನೆಯಲ್ಲಿ ಅದುರುವುದು ಇದೇ.

ಈ ಎರಡು ಕೈಗೆ ಸಿಗುವಂಥವು. ಇನ್ನೆರಡು ಕೈಗೆ ಸಿಗವು. ಅವು ದವಡೆ ಮೂಳೆಯ ಒಳಮಗ್ಗುಲಲ್ಲಿ, ನಾನು ಹೇಳಿದ ಕೋಣೆಯೊಳಗೆ ಇವೆ. ಅವಕ್ಕೆ ಟೆರಿಗಾಯ್ಡ್ ಸ್ನಾಯುಗಳೆಂದು ಹೆಸರು. ತಲೆಬುರುಡೆಯ ತಳದಲ್ಲಿ ರೆಕ್ಕೆಯ ಆಕಾರದ ಮೂಳೆಯಿದೆ. ಅದಕ್ಕೆ ಅಂಟಿಕೊಂಡಿರುವುದರಿಂದ ರೆಕ್ಕೆ ಎಂಬ ಅರ್ಥದ ಗ್ರೀಕ್ ಹೆಸರು. ಒಳಗಿನ ಟೆರಿಗಾಯ್ಡ್ ದವಡೆಯ ಒಳಗಿನಿಂದ, ಮ್ಯಾಸೆಟರ್ ಹೊರಗಿನಿಂದ, ಎರಡೂ ಸೇರಿ ಜೋಳಿಗೆ ಕಟ್ಟಿದಂತೆ ದವಡೆಯನ್ನು ಎತ್ತಿ ಹಿಡಿಯುತ್ತವೆ.

ಹೊರಗಿನ ಟೆರಿಗಾಯ್ಡ್ ಮಾತ್ರ ಬೇರೆ ಸ್ವಭಾವದ್ದು. ಮೊದಲ ಮೂರೂ ಬಾಯಿ ಮುಚ್ಚಿಸಿದರೆ, ಇದು ಬಾಯಿ ತೆರೆಸುತ್ತದೆ. ಕಿವಿಯ ಮುಂದೆ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆಯಿರಿ. ದವಡೆಯ ತಲೆ ಬಾಗಿಲ ತಿರುಗುಣಿಯಂತೆ ಬರೀ ತಿರುಗುವುದಿಲ್ಲ, ಮುಂದಕ್ಕೆ ಜಾರುತ್ತದೆ. ಅದನ್ನು ಮುಂದಕ್ಕೆ ಎಳೆಯುವುದು ಈ ಸ್ನಾಯು. ಗದ್ದದ ಕೆಳಗಿನ ಸಣ್ಣ ಸ್ನಾಯುಗಳ ನೆರವು ಇದಕ್ಕಿದೆ. ಆದರೂ ಲೆಕ್ಕ ನೋಡಿ: ಮುಚ್ಚಲು ಮೂರು ಬಲಿಷ್ಠರು, ತೆರೆಯಲು ಮುಖ್ಯವಾಗಿ ಒಬ್ಬ. ಮೊಸಳೆಯಲ್ಲೂ ಹೀಗೆಯೇ. ಮೂಳೆ ಪುಡಿಮಾಡುವ ಅದರ ಬಾಯಿಯನ್ನು ಮುಚ್ಚಿದ ಮೇಲೆ ಒಂದು ಹಗ್ಗ ಸುತ್ತಿದರೆ ತೆರೆಯಲಾರದು. ಬಾಯಿ ತೆರೆಯುವ ಶಕ್ತಿ ಮೊದಲಿನಿಂದಲೂ ದುರ್ಬಲವಾದದ್ದು ಎಂಬುದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಜೋರಾಗಿ ಆಕಳಿಸಿದಾಗ ಈ ಜಾರಾಟ ಮಿತಿ ಮೀರಿ, ದವಡೆಯ ತಲೆ ಮುಂದಿನ ದಿಬ್ಬ ದಾಟಿಬಿಟ್ಟರೆ ಬಾಯಿ ತೆರೆದದ್ದು ತೆರೆದ ಹಾಗೆಯೇ ನಿಲ್ಲುತ್ತದೆ. ಈಜಿಪ್ಟಿನಲ್ಲಿ ಸಿಕ್ಕಿದ, ಕ್ರಿ.ಪೂ. 1600ರ ಸುಮಾರಿಗೆ ನಕಲು ಮಾಡಿದ, ಎಡ್ವಿನ್ ಸ್ಮಿತ್ ಪಪೈರಸ್ ಎಂಬ ಶಸ್ತ್ರವೈದ್ಯದ ಸುರುಳಿಯಲ್ಲಿ ಇದಕ್ಕೆ ಚಿಕಿತ್ಸೆ ಬರೆದಿದೆ: ಹೆಬ್ಬೆರಳುಗಳನ್ನು ಬಾಯೊಳಗೆ ದವಡೆಯ ಮೇಲಿಟ್ಟು, ಉಳಿದ ಬೆರಳುಗಳಿಂದ ಗದ್ದ ಹಿಡಿದು, ಹಿಂದಕ್ಕೆ ಕೂರಿಸಬೇಕು. ಇಂದು ತಾಲ್ಲೂಕು ಆಸ್ಪತ್ರೆಯ ವೈದ್ಯರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. 3600 ವರ್ಷಗಳಿಂದ ಕೈಯಿಂದ ಕೈಗೆ ಬಂದ ವಿದ್ಯೆ ಇದು.

ಮೂಳೆ ಒಂದೋ ಎರಡೋ?

ಕೈಗೆ ಸಿಗುವ ಸಂಗತಿಯನ್ನೂ ಜನ ಕಣ್ಣಿಟ್ಟು ನೋಡದೆ ಶತಮಾನಗಟ್ಟಲೆ ಕಳೆಯಬಹುದು. ಅದಕ್ಕೂ ದವಡೆಯೇ ಸಾಕ್ಷಿ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್ ದೊಡ್ಡ ಪಂಡಿತ. ಮನುಷ್ಯನ ಕೆಳದವಡೆ ಎರಡು ಮೂಳೆಗಳಿಂದಾಗಿದೆ, ಅವು ಗದ್ದದ ನಡುವೆ ಕೂಡಿವೆ ಎಂದು ಆತ ಬರೆದ. ಆತನ ಕಾಲದಲ್ಲಿ ಮನುಷ್ಯ ಶವಗಳನ್ನು ಕೊಯ್ದು ನೋಡುವ ಅವಕಾಶ ಇರಲಿಲ್ಲ. ಹೆಚ್ಚಾಗಿ ಕೋತಿ, ಹಂದಿ ಮೊದಲಾದ ಪ್ರಾಣಿಗಳನ್ನು ಕೊಯ್ದು ಕಲಿತವನು. ನಾಯಿಯ ದವಡೆಯಲ್ಲಿ ಅಂಥ ಕೂಡುಗೆರೆ ಕೊನೆಯವರೆಗೂ ಉಳಿದಿರುತ್ತದೆ. ನಮ್ಮ ಹಸುಗೂಸುಗಳಲ್ಲೂ ಹುಟ್ಟಿದಾಗ ಎರಡು ಭಾಗಗಳಿದ್ದು ಮೊದಲ ವರ್ಷದೊಳಗೆ ಒಂದಾಗುತ್ತವೆ. ಆದ್ದರಿಂದ ಗೇಲನ್ ಮೂರ್ಖನಲ್ಲ. ಆದರೆ ಅವನ ನಂತರದವರು ಅವನ ಪುಸ್ತಕ ಓದಿದರೇ ಹೊರತು ದವಡೆ ನೋಡಲಿಲ್ಲ. ಸಾವಿರ ವರ್ಷ ಕಳೆಯಿತು.

ಕ್ರಿ.ಶ. 1200ರಲ್ಲಿ ನೈಲ್ ನದಿ ತುಂಬಲಿಲ್ಲ; ಮರುವರ್ಷವೂ ತುಂಬಲಿಲ್ಲ. ಈಜಿಪ್ಟಿನಲ್ಲಿ ಘೋರ ಕ್ಷಾಮ. ಆಗ ಕೈರೋದಲ್ಲಿದ್ದವನು ಬಾಗ್ದಾದಿನ ವೈದ್ಯ ಅಬ್ದುಲ್ ಲತೀಫ್. ಊರ ಹೊರಗೆ ಅಲ್ ಮಕ್ಸ್ ಎಂಬಲ್ಲಿ ಸತ್ತವರ ಎಲುಬುಗಳ ರಾಶಿ ಗುಡ್ಡವಾಗಿದೆಯೆಂದು ಕೇಳಿ ಅಲ್ಲಿಗೆ ಹೋದ. ಎರಡು ಸಾವಿರಕ್ಕೂ ಹೆಚ್ಚು ತಲೆಬುರುಡೆಗಳನ್ನು ನೋಡಿದ, ಇತರರಿಗೂ ತೋರಿಸಿ ಪರೀಕ್ಷೆ ಮಾಡಿಸಿದ. ಒಂದರಲ್ಲಾದರೂ ಗದ್ದದ ನಡುವೆ ಕೂಡುಗೆರೆ ಇರಲಿಲ್ಲ. ಕೆಳದವಡೆ ಒಂದೇ ಮೂಳೆ ಎಂದು ಬರೆದಿಟ್ಟ. ಗೇಲನ್ ಎಷ್ಟೇ ಎಚ್ಚರಿಕೆಯಿಂದ ಬರೆದವನಾಗಿರಲಿ, ಕಣ್ಣಾರೆ ಕಂಡದ್ದನ್ನೇ ಹೆಚ್ಚು ನಂಬಬೇಕೆಂಬುದು ಅವನ ನಿಲುವು. ಹಸಿದು ಸತ್ತ ಹೆಸರಿಲ್ಲದ ಜನರ ಎಲುಬುಗಳು ಕೊಟ್ಟ ಜ್ಞಾನ ಅದು. ಈ ಪಾಠ ಮಾಡುವಾಗಲೆಲ್ಲ ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಆಗುತ್ತಿರಲಿಲ್ಲ.

ಯುರೋಪಿನ ಅಂಗರಚನಾಕಾರರಿಗೆ ಅವನ ಮಾತು ತಲುಪಲಿಲ್ಲ. ಅಲ್ಲಿ ಇದೇ ತಪ್ಪನ್ನು ತಿದ್ದಲು 1543ರಲ್ಲಿ ವೆಸೇಲಿಯಸ್ ತನ್ನ ಮಹಾಗ್ರಂಥವನ್ನು ಅಚ್ಚು ಹಾಕಿಸಬೇಕಾಯಿತು. ಶವವನ್ನು ತಾನೇ ಕೊಯ್ದು ವಿದ್ಯಾರ್ಥಿಗಳಿಗೆ ತೋರಿಸಿದ ಅಧ್ಯಾಪಕ ಆತ.

ಈಗಲಾದರೂ ನೋಡುವುದು ಮುಗಿಯಿತೆ? ಇಲ್ಲ. ವೆಸೇಲಿಯಸ್‌ನ ಗ್ರಂಥ ಅಚ್ಚಾದ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿಯೇ, 2021ರಲ್ಲಿ, ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ಮ್ಯಾಸೆಟರ್ ಸ್ನಾಯುವಿಗೆ ಮೂರನೆಯದಾದ ಒಂದು ಒಳಪದರವಿದೆಯೆಂದು ವಿವರವಾಗಿ ತೋರಿಸಿದರು. ನಾವು ಮೂವತ್ತು ವರ್ಷ ಎರಡು ಪದರ ಎಂದೇ ಕಲಿಸಿದ್ದೆವು. ಈಗಷ್ಟೆ ನೀವು ಬೆರಳಿಟ್ಟು ಮುಟ್ಟಿದಿರಲ್ಲ, ಅದೇ ಸ್ನಾಯು!

ನೋವಿನ ದಾರಿ

ಇನ್ನು ಕೋಣೆಯೊಳಗೆ ಹೋಗೋಣ. ಹೊರಗೋಡೆ ದವಡೆಯ ನಿಂತ ಮೂಳೆ. ಮುಂದಿನ ಗೋಡೆ ಮೇಲ್ದವಡೆಯ ಬೆನ್ನು. ಒಳಗೋಡೆ ಆ ರೆಕ್ಕೆಮೂಳೆ. ಸೂರು ತಲೆಬುರುಡೆಯ ತಳ. ನೆಲವೇ ಇಲ್ಲ, ಕೆಳಗೆ ಕುತ್ತಿಗೆಗೆ ತೆರೆದುಕೊಂಡಿದೆ. ಸೂರಿನಲ್ಲಿ ಎರಡು ಕಿಂಡಿಗಳಿವೆ. ದೊಡ್ಡದು ಮೊಟ್ಟೆಯಾಕಾರದ್ದು, ಅದರಿಂದ ಒಂದು ದಪ್ಪ ನರ ಕೆಳಗಿಳಿಯುತ್ತದೆ. ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಐದನೆಯದು ಮೂರು ಕವಲಾಗುತ್ತದೆ. ಅದಕ್ಕೆ ಟ್ರೈಜೆಮಿನಲ್, ಅಂದರೆ ತ್ರಿವಳಿ, ಎಂಬ ಹೆಸರು. ಕಣ್ಣು, ಹಣೆಗೆ ಒಂದು ಕವಲು, ಮೇಲ್ದವಡೆಗೆ ಒಂದು, ಕೆಳದವಡೆಗೆ ಒಂದು. ಈ ಮೂರನೆಯ ಕವಲೇ ನಮ್ಮ ಕೋಣೆಯ ಯಜಮಾನ. ನಾಲ್ಕೂ ಸ್ನಾಯುಗಳಿಗೆ ಆಜ್ಞೆ ಕೊಡುವುದು ಇದೇ. ಕೆಳಹಲ್ಲು, ಕೆಳದುಟಿ, ಗದ್ದ, ನಾಲಿಗೆಯ ಮುಂಭಾಗದ ಸುದ್ದಿಯನ್ನು ಮಿದುಳಿಗೆ ಒಯ್ಯುವುದೂ ಇದೇ.

ಇದರ ಒಂದು ಎಳೆ ಕಿವಿಯ ಮುಂದಿನಿಂದ ಕಣತಲೆಗೆ ಏರುತ್ತದೆ. ಕೆಳದವಡೆಯ ಹಲ್ಲು ಹುಳುಕಾದಾಗ ಕಿವಿ ನೋಯುವುದು ಇದರಿಂದಲೇ. ಒಂದೇ ಬುಡದ ಎರಡು ಕೊಂಬೆಗಳಾದ್ದರಿಂದ ಯಾವ ಕೊಂಬೆ ಅಲುಗಿತೆಂದು ಮಿದುಳಿಗೆ ಗೊತ್ತಾಗದು. ಕಿವಿಗೆ ಎಣ್ಣೆ ಬಿಟ್ಟುಕೊಂಡು ವಾರಗಟ್ಟಲೆ ನರಳಿ, ಕೊನೆಗೆ ಹಲ್ಲು ಕೀಳಿಸಿ ಗುಣವಾದವರು ನಿಮ್ಮಲ್ಲೂ ಇರಬಹುದು. ರುಚಿಯ ದಾರಿ ಇನ್ನೂ ವಿಚಿತ್ರ. ನಾಲಿಗೆಯ ಮುಂಭಾಗದ ರುಚಿಯನ್ನು ಒಯ್ಯುವ ದಾರದಂಥ ನರವೊಂದು ಈ ಕೋಣೆಯಲ್ಲಿ ನಾಲಿಗೆಯ ನರದಿಂದ ಅಗಲಿ, ಕಿವಿಯ ತಮಟೆಯ ಹಿಂದಿನಿಂದ ಹಾದು ಮಿದುಳಿಗೆ ಹೋಗುತ್ತದೆ. ಮಾವಿನಕಾಯಿ ಉಪ್ಪಿನಕಾಯಿಯ ರುಚಿ ನಮ್ಮ ಕಿವಿಯ ಮೂಲಕ ಹೋಗುತ್ತದೆಂದರೆ ನಂಬುವವರು ಯಾರು?

ಮುಖಕ್ಕೆ ಇನ್ನೊಂದು ನರವೂ ಉಂಟು, ಏಳನೆಯದು. ನಗು, ಅಳು, ಕಣ್ಣು ಮುಚ್ಚುವುದು ಅದರ ಕೆಲಸ. ಈ ಎರಡರ ವ್ಯತ್ಯಾಸ ತಿಳಿಯದೆ ಜನ ಎಷ್ಟು ಕಷ್ಟಪಟ್ಟರೆಂಬುದು ವೈದ್ಯಕೀಯ ಇತಿಹಾಸದ ದುಃಖದ ಪುಟ. ಐದನೆಯ ನರದ ಶೂಲೆ ಬಹಳ ಭೀಕರ. ಮುಖ ತೊಳೆದರೆ, ಗಾಳಿ ಸೋಕಿದರೆ, ಒಂದು ತುತ್ತು ಅಗಿದರೆ ಸಾಕು, ಸಿಡಿಲು ಹೊಡೆದಂತೆ ನೋವು. ಸುಶ್ರುತ ಸಂಹಿತೆ ಹೇಳುವ ಅನಂತವಾತವನ್ನು ಆಯುರ್ವೇದ ವಿದ್ವಾಂಸರು ಇದಕ್ಕೆ ಹೋಲಿಸುತ್ತಾರೆ. ಯುರೋಪಿನಲ್ಲಿ 1756ರಲ್ಲಿ ಫ್ರಾನ್ಸಿನ ನಿಕೊಲಾ ಆಂದ್ರೆ, 1773ರಲ್ಲಿ ಲಂಡನ್ನಿನ ಜಾನ್ ಫಾದರ್‌ಗಿಲ್ ಇದನ್ನು ವಿವರಿಸಿದರು. ನೋವು ತಾಳದ ರೋಗಿಗಳಿಗೆ ಶಸ್ತ್ರವೈದ್ಯರು ಮುಖದ ನರ ಕತ್ತರಿಸಿ ಉಪಕಾರ ಮಾಡಲು ನೋಡುತ್ತಿದ್ದರು. ಎಷ್ಟೋ ಸಲ ಕತ್ತರಿಸಿದ್ದು ಏಳನೆಯದನ್ನು! ನೋವು ಹೋಗುತ್ತಿರಲಿಲ್ಲ, ಬಾಯಿ ಸೊಟ್ಟಗಾಗುತ್ತಿತ್ತು. 1821ರಿಂದ ಮುಂದೆ ಚಾರ್ಲ್ಸ್ ಬೆಲ್, ಅವನ ತಪ್ಪುಗಳನ್ನು ತಿದ್ದಿದ ಹರ್ಬರ್ಟ್ ಮೇಯೊ, ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಸಂವೇದನೆ ಐದನೆಯದರ ಕೆಲಸ, ಮುಖಭಾವದ ಚಲನೆ ಏಳನೆಯದರ ಕೆಲಸ ಎಂದು ಬೇರ್ಪಡಿಸಿದ ಮೇಲೆ ಈ ಅನಾಹುತ ನಿಂತಿತು.

ಈಗ ಈ ಶೂಲೆಗೆ ಕಾರ್ಬಮಜಪೀನ್ ಮಾತ್ರೆಯಿದೆ. ಬಹಳ ಮಂದಿಯಲ್ಲಿ ಮಿದುಳಿನ ಬುಡದಲ್ಲಿ ರಕ್ತನಾಳವೊಂದು ನರಕ್ಕೆ ಒತ್ತುತ್ತಿರುತ್ತದೆ. 1960ರ ದಶಕದಿಂದ ಅಮೆರಿಕದ ಪೀಟರ್ ಜನೆಟ್ಟಾ ಬೆಳೆಸಿದ ಶಸ್ತ್ರಕ್ರಿಯೆಯಲ್ಲಿ ನಾಳಕ್ಕೂ ನರಕ್ಕೂ ನಡುವೆ ಸಣ್ಣ ಮೆತ್ತೆಯಿಟ್ಟು ಬಿಡಿಸುತ್ತಾರೆ. ಹಲ್ಲುನೋವೆಂದೇ ತಿಳಿದು ಒಂದಾದ ಮೇಲೊಂದು ಒಳ್ಳೆಯ ಹಲ್ಲು ಕೀಳಿಸಿಕೊಳ್ಳುವವರು ಇಂದಿಗೂ ಇದ್ದಾರೆ. ಹಲ್ಲು ಹೋದರೂ ನೋವು ಹೋಗದಿದ್ದರೆ ನರವೈದ್ಯರನ್ನು ಕಾಣಿ.

ಹಲ್ಲಿನ ವೈದ್ಯರ ಸೂಜಿಯೂ ಈ ಕೋಣೆಗೇ ಬರುತ್ತದೆ. ಕೆಳಹಲ್ಲುಗಳ ನರ ದವಡೆ ಮೂಳೆಯೊಳಗೆ ಹೋಗುವ ಮೊದಲು ಇಲ್ಲಿ ಒಂದು ಕ್ಷಣ ಬಯಲಿನಲ್ಲಿರುತ್ತದೆ. ಅಲ್ಲಿಯೇ ಅದನ್ನು ಹಿಡಿಯಬೇಕು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದ. ಅದೇ ವರ್ಷದ ಕೊನೆಗೆ ನ್ಯೂಯಾರ್ಕಿನ ವಿಲಿಯಂ ಹಾಲ್‌ಸ್ಟೆಡ್ ಮತ್ತು ರಿಚರ್ಡ್ ಹಾಲ್ ಅದನ್ನು ದವಡೆಯ ನರಕ್ಕೆ ಚುಚ್ಚಿ ನೋಡಿದರು. ಕೊಕೇನನ್ನು ತಮ್ಮ ಮೇಲೂ ಪ್ರಯೋಗಿಸಿಕೊಂಡ ಇಬ್ಬರೂ ಅದರ ಚಟಕ್ಕೆ ಬಿದ್ದರು. ಹಾಲ್‌ಸ್ಟೆಡ್ ಬದುಕಿಡೀ ಮಾದಕ ದ್ರವ್ಯದೊಡನೆ ಹೋರಾಡಿದ. ಚಟ ಹಿಡಿಸದ ನೊವೊಕೇನ್ 1905ರಲ್ಲಿ, ಈಗ ಬಳಕೆಯಲ್ಲಿರುವ ಲಿಗ್ನೊಕೇನ್ 1943ರಲ್ಲಿ ಸ್ವೀಡನ್ನಿನಲ್ಲಿ ಬಂತು. ನೋವಿಲ್ಲದೆ ಹಲ್ಲು ಕೀಳಿಸಿಕೊಂಡು, ಅರ್ಧ ತುಟಿ ಜೋಮು ಹಿಡಿದು ನಗುತ್ತ ಮನೆಗೆ ಹೋಗುವಾಗ ಇದರ ಹಿಂದೆ ಯಾರು ಏನು ತೆತ್ತರೆಂದು ಒಮ್ಮೆ ಯೋಚಿಸಬಹುದು.

ರಕ್ತದ ದಾರಿ

ಸೂರಿನ ಎರಡನೆಯ ಕಿಂಡಿ ಚಿಕ್ಕದು. ಅದರಿಂದ ಒಂದು ಅಪಧಮನಿ ಮೇಲೆ ಹೋಗುತ್ತದೆ. ಕುತ್ತಿಗೆಯಿಂದ ಬಂದ ದೊಡ್ಡ ನಾಳವು ದವಡೆಯ ಕತ್ತಿನ ಹಿಂದಿನಿಂದ ಈ ಕೋಣೆಗೆ ನುಗ್ಗಿ, ಹಲ್ಲು, ಸ್ನಾಯು, ಮೂಗು, ಅಂಗುಳಕ್ಕೆಲ್ಲ ಕವಲು ಕೊಡುತ್ತದೆ. ಅದರಲ್ಲಿ ಒಂದು ಕವಲು ಕಿಂಡಿಯಿಂದ ತಲೆಬುರುಡೆಯೊಳಗೆ ಹೋಗಿ, ಕಣತಲೆಯ ಮೂಳೆಯ ಒಳಮೈಗೆ ಅಂಟಿಕೊಂಡು ಏರುತ್ತದೆ. ಅಲ್ಲಿ ಮೂಳೆ ಬಹಳ ತೆಳು.

ಸುಶ್ರುತ ಸಂಹಿತೆ ದೇಹದಲ್ಲಿ 107 ಮರ್ಮಗಳನ್ನು ಎಣಿಸುತ್ತದೆ. ಕಣತಲೆಯದು ಶಂಖಮರ್ಮ, ಪೆಟ್ಟು ಬಿದ್ದರೆ ಬೇಗನೆ ಪ್ರಾಣ ತೆಗೆಯುವ ಸದ್ಯಃಪ್ರಾಣಹರ ಮರ್ಮಗಳ ಪಟ್ಟಿಯಲ್ಲಿ ಅದಿದೆ. ಒಳಗಿನ ಅಪಧಮನಿಯ ದಾರಿ ಆ ಗ್ರಂಥದಲ್ಲಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಪೆಟ್ಟಿನ ಫಲವನ್ನು ಅವರು ಸರಿಯಾಗಿ ಗುರುತಿಸಿದ್ದರು. ಬೈಕಿನಿಂದ ಬಿದ್ದವನ ಕಣತಲೆಗೆ ಪೆಟ್ಟಾಗಿ ಈ ನಾಳ ಹರಿದರೆ ರಕ್ತ ಮಿದುಳಿನ ಹೊರಹೊದಿಕೆಯ ಹೊರಗೆ ಶೇಖರವಾಗಿ ಮಿದುಳನ್ನು ಒತ್ತುತ್ತದೆ. ಮೋಸವೆಂದರೆ, ಬಿದ್ದವನು ಎದ್ದು ಕೂತು, ಕಾಫಿ ಕುಡಿದು, ಏನೂ ಆಗಿಲ್ಲವೆಂದು ಮಾತನಾಡಬಹುದು. ಕೆಲವು ಗಂಟೆಗಳ ಮೇಲೆ ತಲೆನೋವು, ವಾಂತಿ, ಮಂಪರು, ಪ್ರಜ್ಞೆ ತಪ್ಪುವುದು. ತಲೆಗೆ ಪೆಟ್ಟಾದವನನ್ನು ಮಲಗಿಸಿ ಬಿಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಇದೇ ಕೋಣೆಯಲ್ಲಿ ಅಭಿಧಮನಿಗಳ ಒಂದು ಬಲೆಯೂ ಇದೆ, ಟೆರಿಗಾಯ್ಡ್ ಸ್ನಾಯುಗಳ ಸುತ್ತ ಹೆಣೆದುಕೊಂಡಿದೆ. ಈ ಬಲೆಗೂ ತಲೆಬುರುಡೆಯೊಳಗಿನ ರಕ್ತದ ಕೊಳಗಳಿಗೂ ಸಂಪರ್ಕವುಂಟು. ದವಡೆ ಹಲ್ಲಿನ ಬುಡದ ಕೀವು ಅಪರೂಪಕ್ಕೆ ಈ ದಾರಿಯಲ್ಲಿ ಮಿದುಳ ಬಳಿಗೂ ಹೋದೀತು. ಕೆನ್ನೆ ಊದಿ, ಜ್ವರ ಬಂದು, ಬಾಯಿ ತೆರೆಯಲಾಗದಿದ್ದರೆ ಲವಂಗ ಇಟ್ಟುಕೊಂಡು ಕೂರುವ ಸಮಯ ಅದಲ್ಲ.

ಮುಚ್ಚಿದ ಬಾಗಿಲು

ಬಾಯಿ ತೆರೆಯಲಾಗದ ಸ್ಥಿತಿಗೆ ಆಯುರ್ವೇದದಲ್ಲಿ ಹನುಗ್ರಹ ಎಂದು ಹೆಸರು. ಅದರ ಅತಿ ಭಯಂಕರ ಕಾರಣ ಧನುರ್ವಾಯು. ಗಾಯದಲ್ಲಿ ಸೇರಿದ ರೋಗಾಣುವಿನ ವಿಷ ನರಗಳ ಮೂಲಕ ಮೇಲಕ್ಕೆ ಸಾಗುತ್ತದೆ. ಗಿಡ್ಡ ನರಗಳ ದಾರಿ ಬೇಗ ಮುಗಿಯುತ್ತದೆ. ದವಡೆಯ ನರ ಗಿಡ್ಡ. ಆದ್ದರಿಂದ ಕಾಲಿನಲ್ಲಿ ಮೊಳೆ ಚುಚ್ಚಿದರೂ ಮೊದಲು ಬಿಗಿಯುವುದು ಸಾಮಾನ್ಯವಾಗಿ ದವಡೆ. ನಾನು ವಿದ್ಯಾರ್ಥಿಯಾಗಿದ್ದಾಗ ಹೊಕ್ಕುಳಬಳ್ಳಿಗೆ ಸೋಂಕು ತಗಲಿ, ಮೊಲೆ ಚೀಪಲಾರದೆ ದವಡೆ ಕಟ್ಟಿಕೊಂಡ ಕೂಸುಗಳನ್ನು ಕಂಡಿದ್ದೇನೆ. ಆ ದೃಶ್ಯ ಮರೆಯಲಾಗದು. ಬಸುರಿಯರಿಗೆ ಚುಚ್ಚುಮದ್ದು, ಶುಚಿಯಾದ ಹೆರಿಗೆ, ಇಷ್ಟರಿಂದಲೇ 2015ರಲ್ಲಿ ಭಾರತ ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆಯಿತು. ಒಂದು ಬಾಗಿಲನ್ನು ನಾವು ತೆರೆದೆವು.

ಇನ್ನೊಂದನ್ನು ನಾವೇ ಮುಚ್ಚುತ್ತಿದ್ದೇವೆ. ಈಗ ತಾಂಬೂಲದ ತಟ್ಟೆಯ ಮಾತಿಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ತೋಟದಲ್ಲಿ ಕೊನೆ ಇಳಿಸಲು ಬರುತ್ತಿದ್ದ ಹುಡುಗನೊಬ್ಬ ಜಗಲಿಯಲ್ಲಿ ಊಟಕ್ಕೆ ಕೂತಿದ್ದ. ಇಪ್ಪತ್ತನಾಲ್ಕು ವಯಸ್ಸು. ರೊಟ್ಟಿಯನ್ನು ಚೂರುಚೂರು ಮುರಿದು ತುಟಿಯ ಸಂದಿಯಲ್ಲಿ ತೂರಿಸುತ್ತಿದ್ದ.

“ಬಾಯಿ ತೆಗಿ ಮಾರಾಯ, ನೋಡುವ,” ಎಂದೆ.

“ಇಷ್ಟೇ ಬರೋದು ಡಾಕ್ಟ್ರೇ. ಖಾರ ಅಂತೂ ಮುಟ್ಟಂಗಿಲ್ಲ, ಉರಿ,” ಎಂದ.

ಒಂದು ಬೆರಳು ಹೋಗುವಷ್ಟು ಜಾಗ. ಕೆನ್ನೆಯ ಒಳಗೆ ಬೆರಳಾಡಿಸಿದರೆ ಹಗ್ಗದಂಥ ಬಿಳಿ ಪಟ್ಟಿಗಳು ಕೈಗೆ ತಾಕುತ್ತಿದ್ದವು. ಜೇಬಿನಲ್ಲಿ ಪೊಟ್ಟಣಗಳ ಸರವೇ ಇತ್ತು. ಹದಿನೈದನೆಯ ವಯಸ್ಸಿನಿಂದ ತಿನ್ನುತ್ತಿದ್ದನಂತೆ.

1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯ ಕೀನ್ಯಾದ ಭಾರತೀಯ ಮೂಲದ ಐವರು ಮಹಿಳೆಯರಲ್ಲಿ ಈ ರೋಗವನ್ನು ಕಂಡು ಬರೆದ. ಮರುವರ್ಷ ಮುಂಬಯಿಯ ವೈದ್ಯ ಜೋಶಿ ಇಲ್ಲಿನ ರೋಗಿಗಳ ಬಗ್ಗೆ ಬರೆದರು. ಬಾಯಿಯ ಒಳಪೊರೆಯ ಕೆಳಗೆ ನಾರು ಬೆಳೆಯುವ ರೋಗ ಇದು. ಕಾರಣ ಅಡಿಕೆ. ತಂಬಾಕಿಲ್ಲದಿದ್ದರೂ, ಅಡಿಕೆಯೊಂದೇ ಸಾಕು.

ಇದು ಹೇಗಾಗುತ್ತದೆಂದು ಅಡಿಕೆ ಬೆಳೆಗಾರರಿಗೆ ವಿವರಿಸುವುದು ಸುಲಭ. ಹಸಿ ಅಡಿಕೆ ಬೇಯಿಸಿದ ನೀರು ಗಟ್ಟಿಯಾಗಿ ಚೊಗರಾಗುವುದನ್ನು ನೀವೆಲ್ಲ ಕಂಡಿದ್ದೀರಿ. ನಾಲಿಗೆಗೆ ಮುಟ್ಟಿಸಿದರೆ ಬಾಯಿ ಒಗರಾಗಿ ಹಿಡಿದುಕೊಳ್ಳುತ್ತದೆ. ಆ ಒಗರಿನಲ್ಲಿರುವುದು ಟ್ಯಾನಿನ್. ತಂಗಡಿ ತೊಗಟೆಯ ಒಗರಿನಲ್ಲಿ ನೆನೆಸಿ ಹಸಿ ತೊಗಲನ್ನು ಚರ್ಮವಾಗಿ ಹದ ಮಾಡುತ್ತಿದ್ದುದು ಇದೇ ಗುಣದಿಂದ. ಅಡಿಕೆಯ ಅರೆಕೊಲಿನ್ ಎಂಬ ಸತ್ವ ಜೀವಕೋಶಗಳನ್ನು ಕೆರಳಿಸಿ ಹೆಚ್ಚು ನಾರು ಮಾಡಿಸುತ್ತದೆ. ಟ್ಯಾನಿನ್ ಆ ನಾರು ಕರಗದಂತೆ ಬಿಗಿಯುತ್ತದೆ. ಬದುಕಿರುವ ಮನುಷ್ಯನ ಬಾಯೊಳಗೆ ತೊಗಲು ಹದವಾಗುತ್ತದೆ ಎನ್ನಬಹುದು. ಮುಂದುವರಿದರೆ ಕೆನ್ನೆಯ ಸ್ನಾಯುಗಳಿಗೂ ನಾರು ಇಳಿಯುತ್ತದೆ. ಬಾಯಿ ತೆರೆಯುವ ಶಕ್ತಿ ಮೊದಲೇ ದುರ್ಬಲ ಎಂದು ಆಗ ಹೇಳಿದೆನಲ್ಲ. ಈ ಬಿಗಿತದ ಎದುರು ಅದು ಸೋಲುತ್ತದೆ. ಕೊನೆಗೆ ಶಸ್ತ್ರವೈದ್ಯರು ನಾರಿನ ಪಟ್ಟಿಗಳನ್ನು ಕತ್ತರಿಸಿ, ಕೆಲವೊಮ್ಮೆ ಟೆಂಪೊರಾಲಿಸ್ ಅಂಟಿಕೊಂಡ ದವಡೆಯ ಮೊನೆಯನ್ನೇ ತೆಗೆದು, ಬಾಯಿ ತೆರೆಸಬೇಕಾಗುತ್ತದೆ. ಆ ಶಸ್ತ್ರಕ್ರಿಯೆಗೆ ಅರಿವಳಿಕೆ ಕೊಡುವುದೂ ಕಷ್ಟ. ಉಸಿರಿನ ಕೊಳವೆ ಹಾಕಲು ಬಾಯಿಯೇ ತೆರೆಯದು.

ಇಷ್ಟಕ್ಕೇ ಮುಗಿಯುವುದಿಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ರೋಗಿಗಳನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸಿದಾಗ ಶೇ. 7.6 ಮಂದಿಗೆ ಕ್ಯಾನ್ಸರ್ ಬಂದಿತ್ತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಕೆನ್ನೆಯ ಕ್ಯಾನ್ಸರ್ ನಾವು ಸುತ್ತಿ ಬಂದ ಆ ಕೋಣೆಗೆ ನುಗ್ಗಿದರೆ ವೈದ್ಯರು ಅದನ್ನು ಬಹಳ ಮುಂದುವರಿದ ಹಂತವೆಂದು ಎಣಿಸುತ್ತಾರೆ. ನರ, ನಾಳ, ತಲೆಬುರುಡೆಯ ಕಿಂಡಿಗಳೆಲ್ಲ ಅಷ್ಟು ಹತ್ತಿರ ಇರುವುದೇ ಅದಕ್ಕೆ ಕಾರಣ.

ನಮ್ಮ ಅಜ್ಜ ಅಜ್ಜಿ ಬದುಕಿಡೀ ಎಲೆಅಡಿಕೆ ಹಾಕಿದರು, ಅವರಿಗೇನಾಯಿತು ಎಂದು ನೀವು ಕೇಳಬಹುದು. ಅವರಲ್ಲೂ ಕೆಲವರಿಗೆ ಆಗಿದೆ. ನಾವು ಹೆಸರು ತಿಳಿಯದೆ ಬಾಯಿಹುಣ್ಣು ಎಂದೆವು. ಆದರೆ ವ್ಯತ್ಯಾಸವೂ ಇದೆ. ಅವರದು ಊಟದ ನಂತರದ ತಾಂಬೂಲ, ಹಸಿ ಎಲೆಯೊಡನೆ. ಪೊಟ್ಟಣದಲ್ಲಿರುವುದು ಒಣ ಅಡಿಕೆಯ ಪುಡಿ. ಎಲೆಯಿಲ್ಲ, ಹೊತ್ತಿಲ್ಲ, ಮಿತಿಯಿಲ್ಲ. ಶಾಲೆಯ ಹುಡುಗರ ಬಾಯಿಗೂ ಅದು ಸೇರಿತು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಬಂದವು. ಬೆರೆಸುವ ಕೆಲಸವನ್ನು ಅಂಗೈಗೆ ಬಿಟ್ಟರು.

ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಅಡಿಕೆಗೆ ಬೆಲೆ ಬಿದ್ದರೆ ಈ ಊರಿನಲ್ಲಿ ಎಷ್ಟು ಮದುವೆ ಮುಂದಕ್ಕೆ ಹೋಗುತ್ತವೆಂದು ನನಗೂ ಗೊತ್ತು. ತೋಟ ಕಡಿಯಿರಿ ಎಂದು ಹೇಳಲು ನಾನು ಬಂದಿಲ್ಲ. ನನ್ನ ತೋಟವನ್ನೂ ಕಡಿದಿಲ್ಲ. ಅದು ಹೇಳಬೇಕಾದವರು ಹೇಳಬೇಕಾದ, ಬೇರೆ ಬೆಳೆಯ ದಾರಿ ತೋರಿಸಿ ಹೇಳಬೇಕಾದ ಮಾತು. ಆದರೆ ಬೆಳೆದವರಾದ ನಮಗೆ ಅದು ಬಾಯಿಗೆ ಏನು ಮಾಡುತ್ತದೆಂದು ತಿಳಿಯುವ ಹೊಣೆಯಿದೆ. ಕೈರೋದ ಆ ವೈದ್ಯನಂತೆ, ಯಾರ ಮಾತನ್ನೂ ನಂಬದೆ ನೀವೇ ನೋಡಬಹುದು. ಪುಸ್ತಕ ಬೇಡ, ಯಂತ್ರ ಬೇಡ.

ನಿಮ್ಮದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂಹಲ್ಲುಗಳ ನಡುವೆ ಇಡಿ. ಹಿಡಿಸಬೇಕು. ಎರಡೇ ಹಿಡಿಸಿದರೆ, ಖಾರ ತಿಂದಾಗ ಉರಿಯುತ್ತಿದ್ದರೆ, ಕೆನ್ನೆಯ ಒಳಗೆ ಬಿಳಿಚಿ ಗಟ್ಟಿಯಾಗಿದ್ದರೆ, ಇವತ್ತೇ ಅಡಿಕೆ ಬಿಡಿ. ಈ ವಾರವೇ ಹಲ್ಲಿನ ವೈದ್ಯರಿಗೆ ತೋರಿಸಿ. ಬೆಳೆದ ನಾರು ಪೂರ್ತಿ ಕರಗುವುದು ಕಷ್ಟ. ಬೇಗ ಬಿಟ್ಟವರಲ್ಲಿ ಅದು ಮುಂದುವರಿಯುವುದನ್ನು ತಡೆಯಬಹುದು, ವ್ಯಾಯಾಮ ಮತ್ತು ಚಿಕಿತ್ಸೆಯಿಂದ ಬಾಯಿಯನ್ನು ಸ್ವಲ್ಪ ತೆರೆಸಬಹುದು. ನಮ್ಮ ತೋಟದ ಹುಡುಗ ಬಿಟ್ಟ. ದಿನವೂ ಐಸ್‌ಕ್ರೀಂ ಕಡ್ಡಿಗಳನ್ನು ಒಂದೊಂದಾಗಿ ಸೇರಿಸಿ ಹಲ್ಲಿನ ನಡುವೆ ಇಟ್ಟು ಬಾಯಿ ತೆರೆಯುವ ಅಭ್ಯಾಸ ಮಾಡಿದ. ಈಗ ಎರಡು ಬೆರಳು ಹಿಡಿಸುತ್ತದೆ. ಮೂರನೆಯದು ಬರಲಿಕ್ಕಿಲ್ಲ. ವರ್ಷಕ್ಕೆರಡು ಸಲ ತಪ್ಪದೆ ತೋರಿಸಿಕೊಂಡು ಬರುತ್ತಾನೆ.

ಸಂಘಟಕರು ಕೊಟ್ಟ ತಾಂಬೂಲದಿಂದ ಎಲೆ ಎರಡನ್ನು ತೆಗೆದುಕೊಂಡು ಹೋಗುತ್ತೇನೆ, ಮರ್ಯಾದೆಗೆ ಕೊರತೆಯಾಗಬಾರದು. ಅಡಿಕೆ ತಟ್ಟೆಯಲ್ಲೇ ಇರಲಿ. ಈಗ ಎಲ್ಲರೂ ಒಮ್ಮೆ ಮೂರು ಬೆರಳು ಇಟ್ಟು ನೋಡಿಕೊಳ್ಳಿ. ನಗಬೇಡಿ, ಪಕ್ಕದವರದನ್ನೂ ನೋಡಿ. ಮನೆಗೆ ಹೋದ ಮೇಲೆ ಮಕ್ಕಳದನ್ನೂ ನೋಡಿ.